ಸ್ಪ್ಯಾನಿಷ್ ಹರಾಜಿನ ಮಾತು ಕಲಿಯುವುದು ಹೇಗೆ? ಮುಂಬೈ, ಪುಣೆ, ಗೋವಾ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಹಳೆಯ ನಾಣ್ಯ, ಅಂಚೆಚೀಟಿ, ಚಿತ್ರ, ನಕ್ಷೆ ಕೂಡಿಡುವ ಕನ್ನಡಿಗರು ಮುಂಬೈ, ಪುಣೆಯಲ್ಲಿ ಕಮ್ಮಿ ಇಲ್ಲ. ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಕೂತು ಮ್ಯಾಡ್ರಿಡ್, ಬಾರ್ಸಿಲೋನಾದ ಹರಾಜಿನಲ್ಲಿ ಕೂಗುವುದು ಈಗ ದೊಡ್ಡ ವಿಷಯವಲ್ಲ. ಖಾತೆ ತೆರೆದರೆ ಆಯಿತು. ತೊಡಕಿರುವುದು ಭಾಷೆಯಲ್ಲಿ. ಯಂತ್ರದ ಅನುವಾದ ಸಾಮಾನ್ಯ ವಾಕ್ಯಗಳನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಕ್ಯಾಟಲಾಗಿನ ಚುಟುಕು ಅಕ್ಷರಗಳು, ಷರತ್ತಿನ ಸಣ್ಣ ಅಕ್ಷರದ ಸಾಲುಗಳು, ಹರಾಜುಗಾರ ಉಸಿರು ಬಿಡದೆ ಹೇಳುವ ಮೊತ್ತ, ಇವುಗಳ ಮುಂದೆ ಅದು ತಡವರಿಸುತ್ತದೆ. ನಮ್ಮ ದುಡ್ಡು ನಿಂತಿರುವುದೂ ಅಲ್ಲೇ ಅಲ್ವಾ?

ಈ ಮಾತಿನ ಲೋಕ ಚಿಕ್ಕದು. ನನ್ನ ಅಂದಾಜಿನಲ್ಲಿ ನೂರೈವತ್ತು ಪದ ಗಟ್ಟಿಯಾದರೆ ಧೈರ್ಯವಾಗಿ ಭಾಗವಹಿಸಬಹುದು. ಆದರೆ ನಿಘಂಟು ಹಿಡಿದು ಅಕ್ಷರಮಾಲೆಯ ಕ್ರಮದಲ್ಲಿ ಕಲಿಯಬೇಡಿ. ಹರಾಜು ನಡೆಯುವ ಕ್ರಮದಲ್ಲೇ ಕಲಿಯಿರಿ: ಮೊದಲು ಕ್ಯಾಟಲಾಗು, ಆಮೇಲೆ ಸಭೆ, ಕೊನೆಗೆ ಬಿಲ್ಲು. ಓದುವುದು ಮೊದಲು, ಕೇಳುವುದು ಎರಡನೆಯದು. ಬರೆಯುವುದು, ಮಾತಾಡುವುದು ಅದಾದ ಮೇಲೆ.

ಹಂತ 1: ಉಚ್ಚಾರ

ಕನ್ನಡಿಗರಿಗೆ ಇಲ್ಲಿ ಒಳ್ಳೆಯ ಅನುಕೂಲವಿದೆ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದಗಳಂತೆಯೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷ್ ಅಭ್ಯಾಸದಿಂದ ಟ, ಡ ಅನ್ನಬೇಡಿ. ಹರಾಜಿಗಿಟ್ಟ ಒಂದೊಂದು ವಸ್ತುವಿಗೆ ‘ಲೋತೆ’ ಅನ್ನುತ್ತಾರೆ, ‘ಲೋಟೆ’ ಅಲ್ಲ.

ಇನ್ನು ನೆನಪಿಡಬೇಕಾದ್ದು ಐದೇ. ಇಂಗ್ಲಿಷಿನ ಜೆ ಅಕ್ಷರವನ್ನು ಗಂಟಲಿನಿಂದ ‘ಹ’ ಎಂದು ಓದಬೇಕು. ವಿ ಅಕ್ಷರವನ್ನು ‘ಬ’ ಎಂದು. ಎರಡು ಎಲ್ ಜೊತೆಗೆ ಬಂದರೆ ‘ಯ’. ಎಚ್ ಇದ್ದರೆ ಅದು ಮೂಕ. ಇ, ಐ ಮುಂದೆ ಸಿ ಬಂದರೆ ಸ್ಪೇನಿನ ಬಹುಭಾಗದಲ್ಲಿ ನಾಲಿಗೆ ಹಲ್ಲಿನ ನಡುವೆ ಇಟ್ಟು ‘ಥ’ ಅನ್ನುತ್ತಾರೆ, ಲ್ಯಾಟಿನ್ ಅಮೆರಿಕದಲ್ಲಿ ‘ಸ’. ಈ ಬರಹದಲ್ಲಿ ನಾನು ಸ್ಪೇನಿನ ಉಚ್ಚಾರವನ್ನೇ ಕೊಟ್ಟಿದ್ದೇನೆ.

ಹಂತ 2: ಸಂಖ್ಯೆಗಳು. ಇಲ್ಲಿ ಆತುರ ಬೇಡ

ಪದಗಳಿಗಿಂತ ಮೊದಲು ಸಂಖ್ಯೆ ಗಟ್ಟಿಯಾಗಬೇಕು. ಕಲಿಯುವವರಲ್ಲಿ ಜಾಸ್ತಿ ಜನ ಒಂದರಿಂದ ನೂರರವರೆಗೆ ಕಲಿತು ಮುಂದೆ ಹೋಗುತ್ತಾರೆ. ಹರಾಜಿಗೆ ಅದು ಸಾಲದು. ಇಲ್ಲಿ ಕಿವಿಗೆ ಬೀಳುವುದು ನೂರು, ಸಾವಿರಗಳು.

ಕಿವಿಗೆ ಮೋಸ ಮಾಡುವ ಜೋಡಿಗಳನ್ನು ಮೊದಲು ಹಿಡಿಯಿರಿ. 60 ಅಂದರೆ ‘ಸೆಸೆಂತಾ’, 70 ಅಂದರೆ ‘ಸೆತೆಂತಾ’. ಒಂದೇ ಅಕ್ಷರದ ವ್ಯತ್ಯಾಸ. 2 ‘ದೋಸ್’, 12 ‘ದೋಥೆ’. 3 ‘ತ್ರೇಸ್’, 13 ‘ತ್ರೇಥೆ’. 600 ‘ಸೇಯ್ಸ್‌ಥಿಯೆಂತೊಸ್’, 700 ‘ಸೆತೆಥಿಯೆಂತೊಸ್’. ನಿಯಮ ಮುರಿಯುವ ನೂರುಗಳು ಮೂರು: 500 ‘ಕಿನಿಯೆಂತೊಸ್’, 700, ಮತ್ತೆ 900 ‘ನೊಬೆಥಿಯೆಂತೊಸ್’. ಈ ಮೂರನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

ಸಾವಿರಕ್ಕೆ ‘ಮಿಲ್’. ಒಂದು ಲಕ್ಷಕ್ಕೆ ಅವರಲ್ಲಿ ಪ್ರತ್ಯೇಕ ಪದವಿಲ್ಲ, ‘ಥಿಯೆನ್ ಮಿಲ್’ ಅನ್ನುತ್ತಾರೆ, ಅಂದರೆ ನೂರು ಸಾವಿರ. ಹತ್ತು ಲಕ್ಷ ‘ಉನ್ ಮಿಯೋನ್’. ನೂರು ಕೋಟಿ ‘ಮಿಲ್ ಮಿಯೋನೆಸ್’. ‘ಬಿಯೋನ್’ ಎಂಬ ಪದ ಕೇಳಿದರೆ ಇಂಗ್ಲಿಷಿನ ಬಿಲಿಯನ್ ಎಂದುಕೊಳ್ಳಬೇಡಿ. ಅದು ಒಂದು ಲಕ್ಷ ಕೋಟಿ.

ಬರೆದ ಮೊತ್ತದಲ್ಲೂ ಎಚ್ಚರ ಬೇಕು. ಸ್ಪೇನಿನಲ್ಲಿ ಸಾವಿರಕ್ಕೆ ಚುಕ್ಕಿ ಹಾಕುತ್ತಾರೆ, ದಶಮಾಂಶಕ್ಕೆ ಅಲ್ಪವಿರಾಮ. ‘1.500’ ಎಂದಿದ್ದರೆ ಅದು ಒಂದೂವರೆ ಯೂರೋ ಅಲ್ಲ, ಸಾವಿರದ ಐನೂರು. ಅರ್ಜೆಂಟೀನಾ, ಚಿಲಿಯಲ್ಲೂ ಹೀಗೆಯೇ. ಆದರೆ ಮೆಕ್ಸಿಕೋದಲ್ಲಿ ದಶಮಾಂಶಕ್ಕೆ ನಮ್ಮಂತೆ ಚುಕ್ಕಿಯೇ.

ಕಿವಿ ಪಳಗಿಸಲು ನನಗೆ ಗೊತ್ತಿರುವ ಅತ್ಯುತ್ತಮ ಸಾಮಗ್ರಿ ಹರಾಜಿನದ್ದಲ್ಲ, ಲಾಟರಿಯದ್ದು. ಸ್ಪೇನಿನ ಕ್ರಿಸ್‌ಮಸ್ ಲಾಟರಿ 1812ರಿಂದ ನಡೆಯುತ್ತಿದೆ. ಪ್ರತಿ ಡಿಸೆಂಬರ್ 22ರಂದು ಸಾನ್ ಇಲ್ದೆಫೋನ್ಸೊ ಶಾಲೆಯ ಮಕ್ಕಳು ಗೆದ್ದ ಸಂಖ್ಯೆಗಳನ್ನು ಗಂಟೆಗಟ್ಟಲೆ ರಾಗವಾಗಿ ಹಾಡುತ್ತಾರೆ. ಐದಂಕಿಯ ಸಂಖ್ಯೆಗಳು, ಸ್ಪಷ್ಟ ಉಚ್ಚಾರ, ಪರದೆಯ ಮೇಲೆ ಅಂಕಿಯೂ ಕಾಣುತ್ತದೆ. ವಿಡಿಯೋ ಹಾಕಿ, ಪರದೆ ನೋಡದೆ ಕೇಳಿದ್ದನ್ನು ಬರೆದುಕೊಳ್ಳಿ, ಆಮೇಲೆ ಹೋಲಿಸಿ. ಲೋಕಲ್ ರೈಲಿನಲ್ಲಿ ಹೋಗುವಾಗ ಆಡಿಯೋ ಮಾತ್ರ ಕೇಳಿದರೂ ಸಾಕು. ಹತ್ತರಲ್ಲಿ ಒಂಬತ್ತು ಸರಿ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 3: ಐದು ಬೇರು ಪದಗಳು

‘ಸುಬಾಸ್ತಾ’ ಅಂದರೆ ಹರಾಜು. ಹರಾಜು ಹಾಕುವುದು ‘ಸುಬಾಸ್ತಾರ್’, ಹರಾಜುಗಾರ ‘ಸುಬಾಸ್ತಾದೋರ್’.

‘ಪುಹಾ’ ಅಂದರೆ ಕೂಗು, ಬಿಡ್. ಬರಹದಲ್ಲಿ ಇದು ನಮ್ಮ ಪೂಜೆಯ ಇಂಗ್ಲಿಷ್ ಅಕ್ಷರಗಳಂತೆಯೇ ಕಾಣುತ್ತದೆ. ಹಾಗಾಗಿ ಭಾರತೀಯರು ‘ಪೂಜಾ’ ಎಂದೇ ಓದಿಬಿಡುತ್ತಾರೆ, ಹರಾಜುಗಾರ ‘ಪುಹಾ’ ಎಂದಾಗ ಗುರುತು ಹತ್ತುವುದಿಲ್ಲ. ಕೂಗುವುದು ‘ಪುಹಾರ್’. ಬೇರೆಯವರ ಕೂಗಿಗಿಂತ ಮೇಲೆ ಹೋಗುವುದು ‘ಸೊಬ್ರೆಪುಹಾರ್’. ‘ಪುಹಾ ಮಿನಿಮಾ’ ಕನಿಷ್ಠ ಕೂಗು, ‘ಪುಹಾ ಮಾಕ್ಸಿಮಾ’ ನಿಮ್ಮ ಗರಿಷ್ಠ ಮಿತಿ, ‘ಪುಹಾ ಅವ್ತೊಮಾತಿಕಾ’ ನಿಮ್ಮ ಪರವಾಗಿ ಕಂಪ್ಯೂಟರ್ ಏರಿಸುತ್ತಾ ಹೋಗುವ ಕೂಗು. ಒಂದು ಕೂಗಿನಿಂದ ಇನ್ನೊಂದಕ್ಕೆ ಏರುವ ಮೆಟ್ಟಿಲಿಗೆ ‘ತ್ರಾಮೊ’.

‘ಪೊಸ್ತೋರ್’ ಅಂದರೆ ಕೂಗುವವನು. ‘ಮೆಹೋರ್ ಪೊಸ್ತೋರ್’ ಎಲ್ಲರಿಗಿಂತ ಹೆಚ್ಚು ಕೂಗಿದವನು. ‘ಲೋತೆ’ ಮೇಲೆಯೇ ಬಂತು.

ಐದನೆಯದು ‘ರೆಮಾತೆ’. ಸ್ಪೇನಿನಲ್ಲಿ ಇದು ಮಾರಾಟ ಖಚಿತವಾಗಿ ಹರಾಜುಗಾರನ ಸುತ್ತಿಗೆ ಬೀಳುವ ಆ ಕೊನೆಯ ಕ್ಷಣ. ‘ಪ್ರೆಥಿಯೊ ದೆ ರೆಮಾತೆ’ ಅಂದರೆ ಸುತ್ತಿಗೆ ಬಿದ್ದ ಬೆಲೆ. ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿ ಇಡೀ ಹರಾಜಿಗೇ ‘ರೆಮಾತೆ’ ಅನ್ನುತ್ತಾರೆ. ಫುಟ್‌ಬಾಲಿನಲ್ಲಿ ಗೋಲಿನತ್ತ ಹೊಡೆಯುವ ಹೊಡೆತವೂ ‘ರೆಮಾತೆ’, ಅಂಗಡಿಯ ರಿಯಾಯಿತಿ ಮಾರಾಟವೂ ‘ರೆಮಾತೆ’. ಆದ್ದರಿಂದ ವಿಡಿಯೋ ಹುಡುಕುವಾಗ ‘ಸುಬಾಸ್ತಾ ಎನ್ ದಿರೆಕ್ತೊ’, ಅಂದರೆ ನೇರ ಪ್ರಸಾರದ ಹರಾಜು, ಎಂದು ಹುಡುಕಿ.

ಹಂತ 4: ಕ್ಯಾಟಲಾಗು ಓದುವುದು

ಸೋಲು ಗೆಲುವು ನಿಂತಿರುವುದು ಇಲ್ಲೇ. ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ.

ಮೊದಲು ಬೆಲೆಯ ಪದಗಳು. ‘ಪ್ರೆಥಿಯೊ ದೆ ಸಾಲಿದಾ’ ಹರಾಜು ಶುರುವಾಗುವ ಬೆಲೆ. ‘ಪ್ರೆಥಿಯೊ ದೆ ರೆಸೆರ್ಬಾ’ ಮಾರುವವನು ಗುಟ್ಟಾಗಿ ಇಟ್ಟುಕೊಂಡ ಕನಿಷ್ಠ ಬೆಲೆ. ‘ಎಸ್ತಿಮಾಥಿಯೋನ್’ ತಜ್ಞರ ಅಂದಾಜು. ‘ತಾಸಾಥಿಯೋನ್’ ಕಂಡರೆ ಟ್ಯಾಕ್ಸ್ ಎಂದು ಗಾಬರಿಯಾಗಬೇಡಿ, ಅದು ಬೆಲೆ ಕಟ್ಟುವುದು.

ಚಿತ್ರಗಳ ವಿವರಣೆಯಲ್ಲಿ ಕಲಾವಿದನ ಹೆಸರಿನ ಹಿಂದೆ ಯಾವ ಪದ ಇದೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಹೆಸರು ಮಾತ್ರ ಇದ್ದರೆ ಅವನದೇ ಕೃತಿ ಎಂದು ಹರಾಜು ಸಂಸ್ಥೆ ಹೇಳುತ್ತಿದೆ. ‘ಅತ್ರಿಬುಯಿದೊ ಆ’ ಎಂದರೆ ಅವನದಿರಬಹುದು ಎಂಬ ಅಭಿಪ್ರಾಯ. ‘ತಾಯೆರ್ ದೆ’ ಅವನ ಕಾರ್ಯಾಗಾರದ್ದು. ‘ಥಿರ್ಕುಲೊ ದೆ’ ಅವನ ಬಳಗದ ಯಾರದೋ. ‘ಎಸ್ಕ್ವೆಲಾ’ ಆ ಪ್ರದೇಶದ ಅಥವಾ ಶೈಲಿಯ ಪರಂಪರೆ. ‘ಸೆಗಿದೋರ್ ದೆ’ ಹಿಂಬಾಲಕ. ‘ಕೋಪಿಯಾ ದೆ’ ನಕಲು. ಈ ಏಣಿಯನ್ನು ಕಾಗದದ ಮೇಲೆ ಬರೆದು ಮೇಜಿನ ಎದುರು ಅಂಟಿಸಿಕೊಳ್ಳಿ.

ಇದಕ್ಕೆ ನಿಜವಾದ ಉದಾಹರಣೆ ಒಂದಿದೆ. 2021ರ ಏಪ್ರಿಲ್‌ನಲ್ಲಿ ಮ್ಯಾಡ್ರಿಡ್‌ನ ಅನ್ಸೊರೆನಾ ಹರಾಜು ಸಂಸ್ಥೆಯ ಕ್ಯಾಟಲಾಗಿನಲ್ಲಿ ಕ್ರಿಸ್ತನಿಗೆ ಮುಳ್ಳಿನ ಕಿರೀಟ ತೊಡಿಸಿದ ಒಂದು ಚಿತ್ರವಿತ್ತು. ವಿವರಣೆ: ಹೊಸೆ ದೆ ರಿಬೇರಾ ಎಂಬ ಕಲಾವಿದನ ‘ಥಿರ್ಕುಲೊ’. ‘ಸಾಲಿದಾ’ ಬೆಲೆ 1.500 ಯೂರೋ. ಇದು ಇಟಲಿಯ ಹೆಸರಾಂತ ಚಿತ್ರಕಾರ ಕಾರವಾಜ್ಜೊನದೇ ಇರಬೇಕು ಎಂದು ಕಲಾ ತಜ್ಞರು ಗುರುತಿಸಿದರು. ಹರಾಜಿಗೆ ಸ್ವಲ್ಪ ಮೊದಲು ಅದು ‘ರೆತಿರಾದೊ’ ಆಯಿತು, ಅಂದರೆ ಹಿಂತೆಗೆಯಲಾಯಿತು. ಸ್ಪೇನ್ ಸರ್ಕಾರ ಅದನ್ನು ‘ಇನೆಕ್ಸ್‌ಪೊರ್ತಾಬ್ಲೆ’, ದೇಶ ಬಿಟ್ಟು ಹೋಗುವಂತಿಲ್ಲ, ಎಂದು ಘೋಷಿಸಿತು. 2024ರಲ್ಲಿ ಆ ಚಿತ್ರ ಪ್ರಾದೊ ಮ್ಯೂಸಿಯಂನಲ್ಲಿ ಕಾರವಾಜ್ಜೊ ಹೆಸರಿನಲ್ಲೇ ಪ್ರದರ್ಶನಕ್ಕೆ ಬಂತು. ಈ ಒಂದು ಪ್ರಕರಣದ ಸ್ಪ್ಯಾನಿಷ್ ಪತ್ರಿಕಾ ವರದಿಗಳನ್ನು ಪದ ಪದ ಬಿಡಿಸಿ ಓದಿ. ಅರ್ಧ ಪದಕೋಶ ನಿಮ್ಮದಾಗುತ್ತದೆ.

ನಾಣ್ಯದವರಿಗೆ ಬೇರೆಯದೇ ಏಣಿ ಇದೆ. ಸ್ಪೇನಿನಲ್ಲಿ ನಾಣ್ಯದ ಸ್ಥಿತಿಯನ್ನು ಚುಟುಕು ಅಕ್ಷರಗಳಲ್ಲಿ ಹೇಳುತ್ತಾರೆ. ಬಿ.ಸಿ. ಅಂದರೆ ‘ಬಿಯೆನ್ ಕೊನ್ಸೆರ್ಬಾದಾ’. ಎಂ.ಬಿ.ಸಿ. ಅಂದರೆ ‘ಮುಯ್ ಬಿಯೆನ್ ಕೊನ್ಸೆರ್ಬಾದಾ’, ತುಂಬಾ ಚೆನ್ನಾಗಿ ಉಳಿದದ್ದು. ಇ.ಬಿ.ಸಿ. ಅಂದರೆ ‘ಎಕ್ಸ್‌ತ್ರಾಓರ್ದಿನಾರಿಯಾಮೆಂತೆ ಬಿಯೆನ್ ಕೊನ್ಸೆರ್ಬಾದಾ’, ಅಸಾಧಾರಣವಾಗಿ ಚೆನ್ನಾಗಿ ಉಳಿದದ್ದು. ಎಸ್.ಸಿ. ಅಂದರೆ ‘ಸಿನ್ ಥಿರ್ಕುಲಾರ್’, ಚಲಾವಣೆಯೇ ಆಗದ್ದು. ಬಿ.ಸಿ.ಗೆ ‘ಚೆನ್ನಾಗಿ ಉಳಿದಿದೆ’ ಎಂಬ ಅರ್ಥವಿದ್ದರೂ ನಾಣ್ಯ ಸಾಕಷ್ಟು ಸವೆದಿರುತ್ತದೆ. ಎಂ.ಬಿ.ಸಿ. ಏಣಿಯ ನಡುವಿನ ಮೆಟ್ಟಿಲು ಅಷ್ಟೆ. ಪದದ ಅರ್ಥ ನಂಬಿ ಕೂಗಿದರೆ ದುಬಾರಿಯಾಗುತ್ತದೆ. ಅಕ್ಷರಗಳ ಪಕ್ಕದ ಕೂಡು, ಕಳೆ ಚಿಹ್ನೆಗಳನ್ನೂ ಗಮನಿಸಿ.

ದೋಷ ಹೇಳುವ ಪದಗಳು ಸಾಲಿನ ಕೊನೆಯಲ್ಲಿ ಬರುತ್ತವೆ, ಅವೇ ಮುಖ್ಯ. ‘ರಾಯಾಸ್’ ಗೀರುಗಳು, ‘ಗೋಲ್ಪೆ’ ಪೆಟ್ಟು ಬಿದ್ದ ಗುರುತು, ‘ಅಗುಹೇರೊ’ ತೂತು, ‘ಲಿಂಪಿಯಾದಾ’ ತಿಕ್ಕಿ ತೊಳೆದದ್ದು. ಚಿತ್ರ, ಪುಸ್ತಕಗಳಿಗೆ ‘ಫಾಲ್ತಾಸ್’ ಅಂದರೆ ಉದುರಿಹೋದ ಭಾಗಗಳು, ‘ರೆಸ್ತಾವ್ರಾದೊ’ ದುರಸ್ತಿಯಾದದ್ದು. ‘ಥೇಕಾ’ ಎಂದರೆ ಟಂಕಸಾಲೆ, ‘ಪ್ಲಾತಾ’ ಬೆಳ್ಳಿ, ‘ಓರೊ’ ಚಿನ್ನ, ‘ಕಾಂತೊ’ ನಾಣ್ಯದ ಅಂಚು.

ಗೋವಾದ ಓದುಗರಿಗೆ ಇಲ್ಲೊಂದು ಮಾತು. ಆಗ ಸ್ಪೇನಿನ ವಶದಲ್ಲಿದ್ದ ಮೆಕ್ಸಿಕೋದಲ್ಲಿ, ಈಗಿನ ಬೊಲಿವಿಯಾದ ಪೊತೊಸಿಯಲ್ಲಿ ಅಚ್ಚಾದ ಎಂಟು ರೆಯಾಲ್‌ಗಳ ಬೆಳ್ಳಿ ನಾಣ್ಯ, ಸುಮಾರು 27 ಗ್ರಾಂ ತೂಕದ್ದು, ಲಿಸ್ಬನ್ ಮತ್ತು ಮನಿಲಾ ಮೂಲಕ ಏಷ್ಯಾದ ಬಂದರುಗಳಿಗೆ ಹರಿದುಬಂತು. ಗೋವಾ ಕೂಡ ಅದರಲ್ಲೊಂದು. 1580ರಿಂದ 1640ರವರೆಗೆ ಪೋರ್ಚುಗಲ್‌ಗೂ ಸ್ಪೇನಿಗೂ ಒಬ್ಬನೇ ರಾಜನಿದ್ದ. ಹಾಗಾಗಿ ಸ್ಪ್ಯಾನಿಷ್ ಕ್ಯಾಟಲಾಗು ಓದಲು ಬಂದರೆ ನಿಮ್ಮ ಊರಿನ ಇತಿಹಾಸದ ಒಂದು ತುಂಡೂ ಕೈಗೆ ಸಿಗುತ್ತದೆ. ಎರಡು ಕಂಬಗಳ ಚಿತ್ರವಿರುವ ‘ಕೊಲುಮ್ನಾರಿಯೊ’ ನಾಣ್ಯಗಳು ಮೆಕ್ಸಿಕೋದಲ್ಲಿ 1732ರಿಂದ ಅಚ್ಚಾದವು. ಕಲಿಕೆಗೆ ಇವು ಒಳ್ಳೆಯ ವಿಷಯ, ಏಕೆಂದರೆ ಒಂದೇ ಬಗೆಯ ನಾಣ್ಯದ ಹತ್ತಾರು ವಿವರಣೆಗಳನ್ನು ಹೋಲಿಸಿ ಓದಬಹುದು. ಪೋರ್ಚುಗೀಸ್ ಬಲ್ಲವರಿಗೆ ಸಂಖ್ಯೆಗಳು ಬೇಗ ಹತ್ತುತ್ತವೆ. ಆದರೆ ಹರಾಜಿನ ಮುಖ್ಯ ಪದಗಳು ಬೇರೆ. ಪೋರ್ಚುಗೀಸಿನ ‘ಲೇಯ್ಲಾಂವ್’, ಮರಾಠಿಯ ‘ಲಿಲಾವ್’ ಹಿಂದಿರುವ ಪದ, ಸ್ಪೇನಿನಲ್ಲಿ ನಡೆಯುವುದಿಲ್ಲ.

ಹಂತ 5: ಸಭೆಯ ಮಾತು

ಹರಾಜುಗಾರ ‘ಎಂಪೆಥಾಮೊಸ್ ಎನ್ ಕಿನಿಯೆಂತೊಸ್’ ಅಂದರೆ ‘ಐನೂರಕ್ಕೆ ಶುರು ಮಾಡೋಣ’. ‘ಕಿಯೆನ್ ದಾ ಮಾಸ್?’ ಯಾರು ಜಾಸ್ತಿ ಕೊಡುತ್ತೀರಿ? ‘ಆಲ್ಗಿಯೆನ್ ಮಾಸ್?’ ಇನ್ನು ಯಾರಾದರೂ? ‘ನಾದಿಯೆ ಮಾಸ್?’ ಇನ್ನು ಯಾರೂ ಇಲ್ಲವೇ? ಕೂಗು ಎಲ್ಲಿಂದ ಬಂತು ಎಂದೂ ಹೇಳುತ್ತಾನೆ: ‘ಎನ್ ಸಾಲಾ’ ಸಭೆಯಿಂದ, ‘ಅಲ್ ತೆಲೇಫೊನೊ’ ಫೋನಿನಿಂದ, ‘ಪೊರ್ ಎಸ್ಕ್ರೀತೊ’ ಮೊದಲೇ ಬರೆದುಕೊಟ್ಟದ್ದು. ಕೊನೆಗೆ ‘ಆ ಲಾ ಉನಾ, ಆ ಲಾಸ್ ದೋಸ್, ಆ ಲಾಸ್ ತ್ರೇಸ್!’ ನಮ್ಮ ಒಂದನೇ ಸಲ, ಎರಡನೇ ಸಲ, ಮೂರನೇ ಸಲ ಇದ್ದಂತೆಯೇ. ‘ಅದ್‌ಹುದಿಕಾದೊ!’ ಅಂದರೆ ಆಯಿತು, ಅವರಿಗೆ ಹೋಯಿತು. ‘ಬೆಂದಿದೊ’ ಅಂದರೂ ಅದೇ, ಮಾರಾಟವಾಯಿತು. ಯಾರೂ ಕೂಗದಿದ್ದರೆ ‘ದೆಸಿಯೆರ್ತೊ’.

ಮೇಲಕ್ಕೆ ಏರುವ ಹರಾಜು ‘ಸುಬಾಸ್ತಾ ಇಂಗ್ಲೇಸಾ’. ಇಳಿಯುತ್ತಾ ಬರುವುದು ‘ಆ ಲಾ ಬಾಹಾ’. ಮುಚ್ಚಿದ ಲಕೋಟೆಯದ್ದು ‘ಆ ಸೋಬ್ರೆ ಥೆರ್ರಾದೊ’. ಸ್ಪೇನಿನ ಮೀನು ಹರಾಜುಕಟ್ಟೆಗೆ ‘ಲೋನ್‌ಹಾ’ ಅನ್ನುತ್ತಾರೆ. ಅಲ್ಲಿ ಬೆಲೆ ಇಳಿಯುತ್ತಾ ಬರುವ ಪದ್ಧತಿ ಹಳೆಯದು. ಬೆಲೆ ಹಿಡಿಸಿದ ಕೂಡಲೇ ಕೊಳ್ಳುವವನು ‘ಮೀಓ!’, ನನ್ನದು, ಎಂದು ಕೂಗುತ್ತಾನೆ.

ನೇರ ಪ್ರಸಾರ ನೋಡುವವರು ಸಮಯ ಲೆಕ್ಕ ಹಾಕಿಕೊಳ್ಳಿ. ‘ಓರಾ ಪೆನಿನ್ಸುಲಾರ್’ ಅಂದರೆ ಮ್ಯಾಡ್ರಿಡ್ ಸಮಯ. ಅಲ್ಲಿ ಸಂಜೆ 6 ಆದಾಗ ನಮ್ಮಲ್ಲಿ ಚಳಿಗಾಲದಲ್ಲಿ ರಾತ್ರಿ 10.30, ಬೇಸಿಗೆಯಲ್ಲಿ 9.30. ಕೆಲಸ ಮುಗಿಸಿ ಊಟ ಮಾಡಿ ಕೂರಲು ಸರಿಯಾಗುತ್ತದೆ. ಆರಂಭದಲ್ಲಿ ಕೂಗದೆ, ಸುಮ್ನೆ ಪ್ರತಿ ಲೋತೆಯ ಸುತ್ತಿಗೆ ಬೆಲೆ ಬರೆದುಕೊಳ್ಳುತ್ತಾ ಹೋಗಿ. ಮರುದಿನ ಫಲಿತಾಂಶದ ಪಟ್ಟಿ ಬಂದಾಗ ತಾಳೆ ನೋಡಿ.

ಹಂತ 6: ಬಿಲ್ಲಿನ ಪದಗಳು

ಷರತ್ತುಗಳ ಪುಟಕ್ಕೆ ‘ಕೊಂದಿಥಿಯೋನೆಸ್ ದೆ ಬೆಂತಾ’ ಎಂದು ಹೆಸರು. ಇದನ್ನು ಓದದೆ ಖಾತೆ ತೆರೆಯಲೇಬೇಡಿ. ‘ಕೊಮಿಸಿಯೋನ್’ ಅಂದರೆ ಸುತ್ತಿಗೆ ಬೆಲೆಯ ಮೇಲೆ ಕೊಳ್ಳುವವನು ಕೊಡುವ ಕಮಿಷನ್. ಅದರ ಮೇಲೆ ‘ಈಬಾ’, ಸ್ಪೇನಿನ ಮೌಲ್ಯವರ್ಧಿತ ತೆರಿಗೆ, ಸಾಮಾನ್ಯ ದರ 21 ಶೇಕಡಾ. ಒಂದು ಲೆಕ್ಕ ನೋಡಿ. ಸುತ್ತಿಗೆ 1.000 ಯೂರೋಗೆ ಬಿತ್ತು, ಕಮಿಷನ್ 20 ಶೇಕಡಾ ಎಂದುಕೊಳ್ಳಿ. ಕಮಿಷನ್ 200, ಅದರ ಮೇಲಿನ ತೆರಿಗೆ 42, ಒಟ್ಟು 1.242. ಕಮಿಷನ್ ದರ ಒಂದೊಂದು ಸಂಸ್ಥೆಯಲ್ಲಿ ಒಂದೊಂದು. ಆಮೇಲೆ ‘ಗಾಸ್ತೊಸ್ ದೆ ಎಂಬೀಓ’ ಕಳಿಸುವ ಖರ್ಚು, ‘ಸೆಗೂರೊ’ ವಿಮೆ. ನಮ್ಮ ಕಸ್ಟಮ್ಸ್ ಬೇರೆ.

‘ಪೆರ್ಮೀಸೊ ದೆ ಎಕ್ಸ್‌ಪೊರ್ತಾಥಿಯೋನ್’, ರಫ್ತು ಪರವಾನಗಿ, ಎಂಬ ಪದ ಕಂಡಲ್ಲಿ ನಿಲ್ಲಿ. ಸ್ಪೇನಿನ 1985ರ ಪರಂಪರೆ ಕಾಯ್ದೆಯ ಪ್ರಕಾರ ಪರಂಪರೆಯ ಸ್ವತ್ತಾದ, ನೂರು ವರ್ಷ ದಾಟಿದ ವಸ್ತು ದೇಶ ಬಿಡಲು ಅನುಮತಿ ಬೇಕು. ‘ದೆರೇಚೊ ದೆ ತಾಂತೇಓ’ ಇನ್ನೊಂದು. ಸುತ್ತಿಗೆ ಬಿದ್ದ ಬೆಲೆಗೇ ಸರ್ಕಾರ ವಸ್ತುವನ್ನು ತಾನು ಪಡೆಯುವ ಹಕ್ಕು ಅದು.

ಹಂತ 7: ದೇಶ ಬದಲಾದರೆ

ಅರ್ಜೆಂಟೀನಾದಲ್ಲಿ ಹರಾಜುಗಾರ ‘ಮಾರ್ತಿಯೇರೊ’, ಉರುಗ್ವೆಯಲ್ಲಿ ‘ರೆಮಾತಾದೋರ್’. ಶುರುವಿನ ಬೆಲೆಗೆ ಅಲ್ಲಿ ‘ಬಾಸೆ’, ಅದಿಲ್ಲದಿದ್ದರೆ ‘ಸಿನ್ ಬಾಸೆ’. ಕಾನೂನಿನ ಕಾಗದದಲ್ಲಿ ಕೂಗಿಗೆ ‘ಪೊಸ್ತೂರಾ’. ಅರ್ಜೆಂಟೀನಾದ ‘ಅಥಿಯೆಂದಾ’ ಹರಾಜು ಎಂದರೆ ದನಗಳ ಹರಾಜು, ಅಲ್ಲಿನ ಮಾತಿನ ವೇಗಕ್ಕೆ ಕಲಿಯುವವರ ಕಿವಿ ಸಾಲದು. ಮೊದಲು ಒಂದು ದೇಶ ಆರಿಸಿಕೊಂಡು ಅಲ್ಲೇ ಇರಿ.

ಹಂತ 8: ನಮ್ಮ ಊರಿನಲ್ಲೇ ಅಭ್ಯಾಸ

ಪುಣೆಯವರಿಗೆ ರಾನಡೆ ಇನ್‌ಸ್ಟಿಟ್ಯೂಟ್ ಹತ್ತಿರವಿದೆ. ಪುಣೆ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗ ಅಲ್ಲಿದೆ, ಸ್ಪ್ಯಾನಿಷ್ ಕೂಡ ಕಲಿಸುತ್ತಾರೆ. ವ್ಯಾಕರಣದ ತಳಪಾಯ ಅಲ್ಲಿ ಹಾಕಿಕೊಂಡು ಹರಾಜಿನ ಪದಗಳನ್ನು ಮನೆಯಲ್ಲಿ ಸೇರಿಸಿಕೊಳ್ಳುವುದು ನನ್ನ ಪ್ರಕಾರ ಒಳ್ಳೆಯ ದಾರಿ.

ಮುಂಬೈಯವರು ಬೆಳಗಿನ ಜಾವ ಸಸೂನ್ ಡಾಕ್‌ಗೆ ಹೋಗಿ. 1875ರಲ್ಲಿ ಕಟ್ಟಿದ ಆ ಧಕ್ಕೆಯಲ್ಲಿ ಮೀನಿನ ಹರಾಜು ಜೋರಾಗಿ ನಡೆಯುತ್ತದೆ. ಪಕ್ಕದಲ್ಲಿ ನಿಂತು, ಕೇಳಿದ ಪ್ರತಿ ಬೆಲೆಯನ್ನೂ ಮನಸ್ಸಿನಲ್ಲೇ ಸ್ಪ್ಯಾನಿಷ್‌ಗೆ ತಿರುಗಿಸಿ. ಮರಾಠಿ ಮೊತ್ತ ಕೇಳಿ, ಕನ್ನಡದಲ್ಲಿ ಅರ್ಥವಾಗಿ, ಸ್ಪ್ಯಾನಿಷ್ ಆಗಿ ಹೊರಬರುವಷ್ಟರಲ್ಲಿ ಮುಂದಿನ ಬೆಲೆ ಬಂದಿರುತ್ತದೆ. ದಿನ ಕಳೆದಂತೆ ಕನ್ನಡದ ಮೆಟ್ಟಿಲು ತಾನಾಗಿಯೇ ಬಿಟ್ಟುಹೋಗುತ್ತದೆ.

ಮನೆಯಲ್ಲೇ ಮಾಡುವವರಿಗೆ ಐಪಿಎಲ್ ಹರಾಜಿನ ಹಳೆಯ ವಿಡಿಯೋಗಳಿವೆ. ಮೊದಲ ಐಪಿಎಲ್ ಹರಾಜು ನಡೆದದ್ದೂ ಮುಂಬೈಯಲ್ಲೇ, 2008ರ ಫೆಬ್ರವರಿ 20ರಂದು. ಧ್ವನಿ ಬಂದ್ ಮಾಡಿ, ಹರಾಜುಗಾರ ನೀವೇ ಆಗಿ. ಬೇಸ್ ಪ್ರೈಸ್ ‘ಪ್ರೆಥಿಯೊ ದೆ ಸಾಲಿದಾ’. ಕೈಯಲ್ಲಿ ಎತ್ತುವ ಫಲಕ ‘ಪಾಲೇತಾ’. ಎರಡು ಕೋಟಿಯನ್ನು ‘ಬೇಯಿಂತೆ ಮಿಯೋನೆಸ್’ ಎಂದು, 75 ಲಕ್ಷವನ್ನು ‘ಸಿಯೇತೆ ಮಿಯೋನೆಸ್ ಕಿನಿಯೆಂತೊಸ್ ಮಿಲ್’ ಎಂದು ಜೋರಾಗಿ ಹೇಳಿ. ಅನ್‌ಸೋಲ್ಡ್ ಆದರೆ ‘ದೆಸಿಯೆರ್ತೊ’. ಮನೆಯವರು ಕೂಗುವವರಾದರೆ ಇನ್ನೂ ಚೆನ್ನ.

ಹಂತ 9: ಮೊದಲ ಪತ್ರ

ಈಗ ಬರೆಯುವ ಹಂತ. ಹರಾಜಿಗೆ ಕೆಲವು ದಿನ ಮೊದಲೇ ಸಂಸ್ಥೆಗೆ ಪ್ರಶ್ನೆ ಕಳಿಸಿ. ‘ಪೊದ್ರೀಯಾನ್ ಎಂಬಿಯಾರ್ಮೆ ಮಾಸ್ ಫೋತೊಸ್?’ ಇನ್ನಷ್ಟು ಫೋಟೋ ಕಳಿಸುತ್ತೀರಾ? ‘ಎಂಬೀಯಾನ್ ಆ ಲಾ ಇಂದಿಯಾ?’ ಭಾರತಕ್ಕೆ ಕಳಿಸುತ್ತೀರಾ? ‘ನೆಥೆಸೀತಾ ಪೆರ್ಮೀಸೊ ದೆ ಎಕ್ಸ್‌ಪೊರ್ತಾಥಿಯೋನ್?’ ಇದಕ್ಕೆ ರಫ್ತು ಪರವಾನಗಿ ಬೇಕೇ?

ಉತ್ತರ ಸಮಾಧಾನವೆನಿಸಿದರೆ ಕೂಗಿನ ಪತ್ರ: ‘ಕಿಸಿಯೇರಾ ಪುಹಾರ್ ಪೊರ್ ಎಲ್ ಲೋತೆ 214 ಆಸ್ತಾ ಉನ್ ಮಾಕ್ಸಿಮೊ ದೆ 600 ಎಉರೊಸ್, ಕೊಮಿಸಿಯೋನ್ ಅಪಾರ್ತೆ.’ ಅಂದರೆ, 214ನೇ ಲೋತೆಗೆ ಗರಿಷ್ಠ 600 ಯೂರೋವರೆಗೆ ಕೂಗಬೇಕು, ಕಮಿಷನ್ ಬೇರೆ. ಆ ಕೊನೆಯ ಎರಡು ಪದ ಬಿಡಬೇಡಿ, ಮಿತಿ ಯಾವುದಕ್ಕೆ ಎಂಬ ಗೊಂದಲ ಉಳಿಯಬಾರದು. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಮರುಪತ್ರದಲ್ಲಿ ‘ರೆಹಿಸ್ತ್ರಾದಾ’ ಎಂದಿದ್ದರೆ ನಿಮ್ಮ ಕೂಗು ದಾಖಲಾಗಿದೆ. ‘ಸುಪೆರಾದಾ’ ಎಂದು ಬಂದರೆ ಬೇರೆ ಯಾರೋ ನಿಮ್ಮನ್ನು ದಾಟಿದ್ದಾರೆ. ಆಗ ಮಿತಿ ಏರಿಸುವ ಮೊದಲು ಕಮಿಷನ್, ಈಬಾ, ಸಾಗಣೆಯ ಲೆಕ್ಕ ಇನ್ನೊಮ್ಮೆ ಹಾಕಿ.